ಸಿಕ್ಕು ನೂಲಿನ ದುಡ್ಡು

ಬಾನಿಯ ನೀರು ಆರಬಾರದು. ಆರಿದರೆ ರೇಷ್ಮೆಗೂಡು ಎಳೆ ಬಿಡುವುದಿಲ್ಲ. ನೂಲು ಬಿಚ್ಚುವವಳು ಸುಡುವ ನೀರಿಗೇ ಕೈ ಹಾಕಬೇಕು. ತೇಲುವ ಗೂಡುಗಳನ್ನು ತಡವಿ, ಎಳೆಯ ತುದಿ ಹುಡುಕಿ, ಹಿಡಿದೆತ್ತಿ ರಾಟೆಗೆ ಕೊಡಬೇಕು. ಎಳೆ ಕಡಿದರೆ ಮತ್ತೆ ಕೈ ಹಾಕಬೇಕು. ಬೆಳಗಿನಿಂದ ಸಂಜೆಯವರೆಗೆ ಇದೇ. ಕೈಗವಸು ಹಾಕಿಕೊಂಡರೆ ಎಳೆ ಬೆರಳಿಗೆ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಚರ್ಮ ಬೇಕು. ಚರ್ಮ ಆ ನೀರಿನಲ್ಲಿ ನಿಲ್ಲುವುದಿಲ್ಲ.

ಊರಾಚೆಯ ಆ ಶೆಡ್ಡಿನಲ್ಲಿ ಸಾಲಾಗಿ ಕೂತ ಹೆಂಗಸರ ಪೈಕಿ ಬಾಗಿಲ ಹತ್ತಿರದ ಬಾನಿಯವಳ ಕೈ ಎಲ್ಲರಿಗಿಂತ ಕೆಟ್ಟಿತ್ತು. ಬೆರಳ ಸಂದುಗಳು ಬಿರಿದಿದ್ದವು. ಅಂಗೈಯ ಚರ್ಮ ನೆನೆದ ಕಾಗದದಂತೆ ಬಿಳಿಚಿಕೊಂಡು ಪದರ ಪದರವಾಗಿ ಏಳುತ್ತಿತ್ತು. ಉಪ್ಪು ಖಾರ ತಾಗಿದರೆ ಉರಿಯುತ್ತದೆಂದು ಅವಳು ಚಮಚದಲ್ಲಿ ಉಣ್ಣುತ್ತಿದ್ದಳು. ಆಸ್ಪತ್ರೆಯ ಡಾಕ್ಟರು ಔಷಧಿ ಬರೆಯುವುದಕ್ಕೆ ಮೊದಲೇ ಬೈದಿದ್ದರು.

"ಬಿಸಿನೀರು ಬಿಡಮ್ಮ. ಇಲ್ದಿದ್ರೆ ಬೆರಳು ಮಡಚೋಕೂ ಬರಲ್ಲ, ಬಿಚ್ಚೋಕೂ ಬರಲ್ಲ. ಆಮೇಲೆ ನನ್ನ ಹತ್ರ ಬಂದು ಅಳಬೇಡ."

ಬಿಡುವುದೆಂದು ನಿಶ್ಚಯವೂ ಆಗಿತ್ತು. ಬಾನಿ ಬಿಟ್ಟು ಹಿಂದಿನ ಕೋಣೆಯಲ್ಲಿ ಗೂಡು ಆರಿಸುವ ಕೆಲಸಕ್ಕೆ ಹೋಗುವುದು. ಕೂಲಿ ಅರ್ಧಕ್ಕರ್ಧ. ಆದರೆ ಒಣ ಕೆಲಸ. ಗಂಡ ಎಂಬುವನು ಎಂದೋ ಬಿಟ್ಟು ಹೋಗಿದ್ದ. ಅರ್ಧ ಕೂಲಿಯಲ್ಲಿ ತಾನೊಬ್ಬಳು ಹೇಗೋ ಬದುಕಬಹುದು. ವಿಶ್ವವಿದ್ಯಾಲಯದಲ್ಲಿ ಓದುವ ಮಗಳ ಊಟ-ವಸತಿಗೆ ಬೇರೆ ದಾರಿ ಆಗಿತ್ತಲ್ಲ, ಆ ಧೈರ್ಯ.

ಆ ದಾರಿ ಮಾಡಿದವರು ಶೆಡ್ಡಿನ ಹೆಂಗಸರೇ. ಗೂಡನ್ನು ಮೊದಲು ತಡವುವಾಗ ಮೇಲಿನ ಒರಟು ನೂಲು ಸಿಕ್ಕುಸಿಕ್ಕಾಗಿ ಕೈಗೆ ಬರುತ್ತದೆ. ಅದು ರಾಟೆಗೆ ಹತ್ತುವುದಿಲ್ಲ. ಕಸ ಎಂದು ಮಾಲೀಕ ಅದನ್ನು ಹಿಂದೆ ಹೆಂಗಸರಿಗೆ ಬಿಟ್ಟಿದ್ದ. ಆಮೇಲೆ ಕಸವನ್ನೂ ಕೊಳ್ಳುವವರು ಬಂದರು. ಮಾಲೀಕ ವಾಪಸ್ ಕೇಳಿದ. ಹೆಂಗಸರು ಕೊಡಲಿಲ್ಲ. ಅಂದಿನಿಂದ ಸಂಜೆ ಏಳುವಾಗ ಒಬ್ಬೊಬ್ಬಳೂ ತನ್ನ ಬಾನಿಯ ಸಿಕ್ಕನ್ನು ಹಿಂಡಿ ಬಾಗಿಲ ಬಳಿಯ ಗೋಣಿಚೀಲಕ್ಕೆ ಹಾಕಿಯೇ ಮನೆಗೆ ಹೋಗುವುದು. ತುಂಬಿದ ಚೀಲ ಮಾರಿದ ದುಡ್ಡು ಯಾರ ಮನೆಗೂ ಹೋಗುವುದಿಲ್ಲ. ಶೆಡ್ಡಿನ ಮಕ್ಕಳಲ್ಲಿ ಮುಂದೆ ಓದಬೇಕೆನ್ನುವ ಮಗುವಿಗೆ ಹೋಗುತ್ತದೆ.

ಇದನ್ನು ನೋಡಿಕೊಳ್ಳುವವಳು ಚೀಲದಜ್ಜಿ. ಬಾನಿಯ ಮುಂದೆ ಕೂತು ಕೂತು ಅವಳ ಬೆನ್ನು ಬಗ್ಗಿದ್ದು ಬಗ್ಗಿದಂತೆಯೇ ನಿಂತಿತ್ತು. ಅವಳದು ಒಂದೇ ಕಟ್ಟಳೆ. ಚೀಲದ ದುಡ್ಡನ್ನು ಬಾಗಿಲು ಹಾಕಿಕೊಂಡು ಕೊಡಬಾರದು. ಹಿಂದೊಮ್ಮೆ ಒಬ್ಬ ಹುಡುಗಿಯ ಅಪ್ಪನ ಕೈಗೆ ಮನೆಯೊಳಗೆ ಕೊಟ್ಟಿದ್ದರು. ಅವನು ಕುಡಿದು ಮುಗಿಸಿದ. ಕೊಟ್ಟೇ ಇಲ್ಲವೆಂದು ಮಗಳ ತಲೆ ಮುಟ್ಟಿ ಆಣೆ ಮಾಡಿದ. ಅಂದಿನಿಂದ ಕೊಡುವುದು ಓದುವ ಜಾಗದಲ್ಲೇ, ಹತ್ತು ಜನರ ಎದುರಿಗೇ, ರಸೀದಿ ಗಟ್ಟಿಯಾಗಿ ಓದಿಸಿಕೊಂಡೇ.

ಈ ಸಲವೂ ಹಾಗೆಯೇ ಮಾಡಿದರು. ಮೈ ತಿಕ್ಕಿ ತೊಳೆದು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಬಸ್ಸು ಹತ್ತಿ ಪಟ್ಟಣಕ್ಕೆ ಹೋದರು. ವಿಶ್ವವಿದ್ಯಾಲಯದ ಕಿಟಕಿಯಲ್ಲಿ ದುಡ್ಡು ಕಟ್ಟಿದರು. "ನೂಲು ಬಿಚ್ಚುವ ಹೆಂಗಸರ ವಿದ್ಯಾರ್ಥಿವೇತನ" ಎಂದು ಬರೆಸಿದರು. ಗುಮಾಸ್ತ ಅದನ್ನು ಓದಿ ಹೇಳಿದಾಗ ಚೀಲದಜ್ಜಿ ಇನ್ನೊಂದು ಸಲ ಓದಿಸಿ ಕೇಳಿದಳು.

ಅವರು ಮಾಡಿದ ತಪ್ಪು ಅದೇ.

ಪರೀಕ್ಷೆಯ ಹಿಂದಿನ ದಿನ ಮಗಳು ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಳು. ಹೆಗಲಲ್ಲಿ ಪುಸ್ತಕದ ಚೀಲ ಹಾಗೇ ಇತ್ತು. ಅವಳನ್ನು ಅಲ್ಲಿ ಎಲ್ಲರೂ ಮರಿ ಎಂದೇ ಕರೆಯುವುದು. ಹುಟ್ಟಿದ ಮೇಲೆ ತಾಯಿ ಬೇಗನೆ ಕೆಲಸಕ್ಕೆ ಬರಬೇಕಾಗಿ, ಗೂಡು ತುಂಬುವ ತಟ್ಟೆಯಲ್ಲಿ ಮಲಗಿ ಬೆಳೆದವಳು.

"ಏನೇ ಮರಿ, ಪುಸ್ತಕದ ಹುಳ ಆಗ್ತೀಯ ಅಂದ್ಕೊಂಡಿದ್ರೆ ಈ ಹುಳದ ವಾಸನೆಗೇ ಓಡಿ ಬಂದಿದ್ದೀಯಲ್ಲ!" ಎಂದು ಪಟಾಕಿ ಕೂಗಿದಳು. ಬಾಯಿ ಸುಮ್ಮನಿರದ ಕಾರಣಕ್ಕೆ ಅವಳಿಗೆ ಆ ಹೆಸರು. ಸಾಲಿನಲ್ಲಿ ನಗು ಎದ್ದಿತು. ಮರಿ ನಗಲಿಲ್ಲ.

"ಅಮ್ಮ, ನನ್ನ ಪ್ರತಿಭಾ ನೆರವು ಕಡಿಮೆ ಮಾಡಿದ್ದಾರೆ."

ತಾಯಿ ನೀರಿನಿಂದ ಕೈ ತೆಗೆಯಲಿಲ್ಲ. "ಯಾಕೆ? ಅಂಕ ಕಡಿಮೆ ಬಂತಾ?"

"ಇಲ್ಲ. ಮೊದಲನೇ ಸ್ಥಾನ ನಂದೇ."

"ಮತ್ತೇನು? ಯಾರ ಜೊತೆಗಾದ್ರೂ ಜಗಳ ಆಡಿದ್ಯಾ?"

"ಚೀಲದ ದುಡ್ಡು ಬಂತಲ್ಲ ಅಮ್ಮ. ಅದಕ್ಕೆ."

ಯಾರಿಗೂ ತಿಳಿಯಲಿಲ್ಲ. ರಾಟೆಗಳ ಸದ್ದಿನ ಮೇಲೆ ಕೂಗಿ ಅವಳು ಬಿಡಿಸಿ ಹೇಳಬೇಕಾಯಿತು. "ಅಂಕ ನೋಡಿ ನನ್ನ ಫೀಸು ಪೂರ್ತಿ ಅವರೇ ಬಿಟ್ಟಿದ್ರು. ಊಟ, ಹಾಸ್ಟೆಲು ನಮ್ಮದು. ಅದಕ್ಕೆ ಅಂತ ನೀವು ಕೊಟ್ರಿ. ಈಗ ಅವರು ನಿಮ್ಮ ದುಡ್ಡನ್ನ ಫೀಸಿಗೆ ಹಾಕ್ಕೊಂಡಿದ್ದಾರೆ. ಫೀಸಿಗೆ ಹೊರಗಿಂದ ಬಂತಲ್ಲ ಅಂತ ತಾವು ಬಿಟ್ಟಿದ್ದನ್ನ ಅಷ್ಟೇ ವಾಪಸ್ ಎಳ್ಕೊಂಡಿದ್ದಾರೆ. ಊಟದ ಬಾಕಿ ಹಾಗೇ ನಿಂತಿದೆ. ಬಾಕಿ ಇದ್ದವರಿಗೆ ಹಾಲ್ ಟಿಕೆಟ್ ಇಲ್ಲ. ನಾಳೆ ಮಧ್ಯಾಹ್ನ ಪರೀಕ್ಷೆ."

"ಅಂದ್ರೆ," ಎಂದಳು ಪಟಾಕಿ, "ನಾವು ಬಡಿಸಿದ್ದು ನಿನ್ನ ತಟ್ಟೆಗೆ. ಉಂಡಿದ್ದು ಅವರು."

ಈ ಸಲ ಯಾರೂ ನಗಲಿಲ್ಲ. ತಾಯಿ ಕೈ ಮೇಲೆತ್ತಿದಳು. ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಗಳಿಗೆ ಕೈಯನ್ನು ಹಾಗೇ ಹಿಡಿದಿದ್ದು, ಮತ್ತೆ ನೀರಿಗೆ ಇಳಿಸಿದಳು.

"ಹಾಗಾದ್ರೆ ನಾನು ಬಾನಿ ಬಿಡೋ ಹಾಗಿಲ್ಲ," ಎಂದಳು.

ಮರುದಿನ ಬೆಳಗಿನ ಬಸ್ಸಿಗೆ ಮೂವರು ಹೊರಟರು. ತಾಯಿ, ಮಗಳು, ಚೀಲದಜ್ಜಿ. ರಜೆ ಕೇಳಿದ್ದಕ್ಕೆ ಮೇಸ್ತ್ರಿ, "ಹೋಗಿ ಹೋಗಿ, ಪದವಿ ತಗೊಂಡೇ ಬನ್ನಿ," ಎಂದು ಕಳಿಸಿದ್ದ. ಬಸ್ಸಿನಲ್ಲಿ ತಾಯಿ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು. ಪಟ್ಟಣ ಹತ್ತಿರ ಬಂದಾಗ ಮನಸ್ಸಿನಲ್ಲಿ ಕುದಿಯುತ್ತಿದ್ದ ಮಾತು ಹೊರಗೆ ಬಂತು.

"ನನ್ನ ಕೈಗೇ ಕೊಟ್ಟಿದ್ರೆ ಆಗಿತ್ತಲ್ಲ ಅಜ್ಜಿ. ನಾನೇನು ಕುಡೀತೀನಾ? ಜೂಜಾಡ್ತೀನಾ? ಡಂಗುರ ಹೊಡ್ಕೊಂಡು ಹೋಗಿ ಕಟ್ಟಿದ್ರಿ. ನಾಲ್ಕು ಜನ ನೋಡ್ಬೇಕು ನಿಮಗೆ."

ಅಜ್ಜಿ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಮ್ಮ, ಸಾಕು," ಎಂದಳು ಮರಿ.

"ನಿಂಗೇನು ಗೊತ್ತು? ಕೈ ನಂದು."

ನೆರವಿನ ವಿಭಾಗ ಮಹಡಿಯ ಮೇಲಿತ್ತು. ಮೆಟ್ಟಿಲ ಪಕ್ಕದ ಗೋಡೆಗೆ ಅಮೃತಶಿಲೆ ಹಾಕಿ ದಾನಿಗಳ ಹೆಸರು ಕೆತ್ತಿಸಿದ್ದರು. ಬಾಗಿಲಲ್ಲಿ ಜವಾನ ಮೂವರನ್ನೂ ನೋಡಿದ, ಮೂಗು ಮುದುಡಿದ. ಹುಳದ ವಾಸನೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಕೂದಲಲ್ಲಿ ಇರುತ್ತದೆ, ಉಗುರಿನ ಬುಡದಲ್ಲಿ ಇರುತ್ತದೆ. ಅವನು ಒಳಗೆ ಹೋಗಿ ಕುರ್ಚಿಗಳ ಮೇಲೆ ಹಳೆಯ ಪೇಪರು ಹಾಸಿ ಬಂದು, "ಈಗ ಹೋಗಿ," ಎಂದ.

ತಾಯಿ ಹಾಸಿದ ಪೇಪರಿನ ಮೇಲೆಯೇ ಕೂತಳು. ಚೀಲದಜ್ಜಿ ತನ್ನ ಕುರ್ಚಿಯ ಪೇಪರನ್ನು ಎತ್ತಿ, ನೀಟಾಗಿ ಮಡಚಿ, ಅಧಿಕಾರಿಯ ಮೇಜಿನ ಮೇಲೆ ಇಟ್ಟಳು.

"ನಂಗೆ ಓದೋಕೆ ಬರಲ್ಲ ಸ್ವಾಮಿ. ನೀವೇ ಇಟ್ಕೊಳ್ಳಿ."

ಅಧಿಕಾರಿ ಎದ್ದು ಕಿಟಕಿ ತೆರೆದ. ಸಿಟ್ಟು ಮಾಡಲಿಲ್ಲ. ಮೆತ್ತಗೆ ಮಾತಾಡುವ ಮನುಷ್ಯ. ಎಳೆಯ ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ಹೇಳಿದ. "ನೋಡಿ, ಪ್ರತಿಭಾ ನೆರವು ಅನ್ನೋದು ವಿಶ್ವವಿದ್ಯಾಲಯದ ಔದಾರ್ಯ. ಹೊರಗಿನಿಂದ ಬೇರೆ ವಿದ್ಯಾರ್ಥಿವೇತನ ಬಂದ್ರೆ ಅಷ್ಟು ನಮ್ಮದ್ರಲ್ಲಿ ಕಳೀತೀವಿ. ಒಬ್ಬರಿಗೇ ಎರಡೆರಡು ಕಡೆಯಿಂದ ಹೋಗೋದು ಬೇಡ ಅಂತ. ಉಳಿದ ಮಕ್ಕಳೂ ಇದ್ದಾರಲ್ವ? ನ್ಯಾಯ ಅಲ್ವ?"

"ಕಳೆದಿದ್ದು ಯಾವ ಮಗುವಿಗೆ ಕೊಟ್ರಿ ಸಾರ್?" ಎಂದಳು ಮರಿ.

"ಹಾಗೆ ಇಂಥವರಿಗೇ ಅಂತ ಇರಲ್ಲಮ್ಮ. ಒಟ್ಟು ಲೆಕ್ಕಕ್ಕೆ ಹೋಗುತ್ತೆ."

"ಹಾಗಾದ್ರೆ ನಾವೂ ದಾನಿಗಳಾದ್ವಲ್ಲ," ಎಂದಳು ಅಜ್ಜಿ. "ಆ ಕಲ್ಲಲ್ಲಿ ಜಾಗ ಇದೆಯಾ? ನಾವು ತುಂಬ ಜನ ಇದ್ದೀವಿ. ಸಣ್ಣ ಅಕ್ಷರದಲ್ಲಿ ಕೆತ್ತಿಸಬೇಕಾಗುತ್ತೆ."

ಅಧಿಕಾರಿ ನಕ್ಕ. ತಮಾಷೆ ಎಂದುಕೊಂಡ.

ಮರಿಯ ದನಿ ಏರಿತು. "ನಮ್ಮ ಕ್ಲಾಸಲ್ಲಿ ಬಟ್ಟೆ ಗಿರಣಿ ಮಾಲೀಕರ ಮಗ ಇದ್ದಾನೆ. ಅವನಿಗೂ ಪ್ರತಿಭಾ ನೆರವಿದೆ. ಅವನ ಅಪ್ಪ ಅವನಿಗೆ ಮನೆ ಮಾಡಿ ಕೊಟ್ಟಿದ್ದಾರೆ, ಅಡುಗೆಯವರನ್ನ ಇಟ್ಟಿದ್ದಾರೆ, ಓಡಾಡೋಕೆ ಗಾಡಿ ಕೊಡಿಸಿದ್ದಾರೆ. ಅದೆಲ್ಲ ಕಳೆದ್ರಾ?"

"ಅದು ಮನೆ ದುಡ್ಡಮ್ಮ. ಮನೆ ದುಡ್ಡನ್ನ ನಾವು ಕೇಳೋ ಹಾಗಿಲ್ಲ. ಅಪ್ಪ ಮಗನಿಗೆ ಕೊಟ್ರೆ ಅದು ವಿದ್ಯಾರ್ಥಿವೇತನ ಹೇಗಾಗುತ್ತೆ?"

"ಅವನ ಮನೇಲಿ ಒಬ್ಬರು ಕೊಡ್ತಾರೆ. ನಮ್ಮನೇಲಿ ಅಷ್ಟೂ ಜನ ಸೇರಿ ಕೊಡಬೇಕು. ಇದೂ ಮನೆ ದುಡ್ಡೇ."

"ಮನೆ ಅಂದ್ರೆ ತಂದೆ ತಾಯಿ. ಶೆಡ್ಡಲ್ಲಿ ಕೂತವರೆಲ್ಲ ಮನೆಯವರು ಅಂದ್ರೆ ಯಾರು ಒಪ್ತಾರೆ?"

ಅವನು ಗಡಿಯಾರ ನೋಡಿದ. ಆಮೇಲೆ ಮಗಳನ್ನು ಬಿಟ್ಟು ತಾಯಿಯ ಕಡೆಗೆ ತಿರುಗಿದ. ದನಿ ಇನ್ನೂ ತಗ್ಗಿಸಿದ.

"ನೋಡಮ್ಮ, ನಾನೂ ಮಕ್ಕಳೊಂದಿಗ. ಒಂದು ದಾರಿ ಹೇಳ್ತೀನಿ. ಈ ದುಡ್ಡು ನಿಮ್ಮ ಸ್ವಂತದ್ದು ಅಂತ ಬರೆದುಕೊಡಿ. ಆಗ ಇದು ಮನೆ ದುಡ್ಡಾಗುತ್ತೆ, ವಿದ್ಯಾರ್ಥಿವೇತನ ಆಗಲ್ಲ. ನಮ್ಮ ನೆರವು ಮೊದಲಿನ ಹಾಗೇ ಪೂರ್ತಿ ನಿಲ್ಲುತ್ತೆ. ನಿಮ್ಮ ದುಡ್ಡು ಊಟದ ಬಾಕಿಗೆ ಹೋಗುತ್ತೆ. ಇವತ್ತೇ ಹಾಲ್ ಟಿಕೆಟ್. ಮಧ್ಯಾಹ್ನ ಮಗಳು ಪರೀಕ್ಷೆ ಬರೀಬಹುದು."

ತಾಯಿ ಕುರ್ಚಿಯ ಅಂಚಿಗೆ ಬಂದಳು.

"ಅಷ್ಟೇನಾ ಸ್ವಾಮಿ? ಒಂದು ಸಹಿ?"

"ಒಂದೇ ಸಹಿ."

ಗುಮಾಸ್ತ ಒಳಗಿನಿಂದ ಕಾಗದ ತಂದು ಇಟ್ಟ. ಆಗಲೇ ಬರೆದು ಸಿದ್ಧವಾಗಿತ್ತು. ತಾಯಿ ಪೆನ್ನು ಹಿಡಿದಳು. ಬೆರಳ ತುದಿಯಲ್ಲಿ ಹಿಡಿಯಲು ಬಾರದೆ ಮುಷ್ಟಿಯಲ್ಲೇ ಹಿಡಿದಳು. ಒಂದು ಸಹಿ ಬಿದ್ದರೆ ಮಗಳು ಪರೀಕ್ಷೆಗೆ ಕೂರುತ್ತಾಳೆ. ಒಂದು ಸಹಿ ಬಿದ್ದರೆ ನಾಳೆಯಿಂದ ಸುಡುವ ನೀರಿಲ್ಲ.

ಅಜ್ಜಿಯ ಕಡೆ ನೋಡಿದಳು. ಅಜ್ಜಿ ಕಣ್ಣು ತಪ್ಪಿಸಿ, "ಹಾಕು ತಂಗಿ," ಎಂದಳು. "ನಮಗೇನು? ಹೆಸರಿದ್ರೆಷ್ಟು ಬಿಟ್ರೆಷ್ಟು. ಮಗು ಬರೀಲಿ. ಹೊರಗೆ ಕೊಡೋಣ ಅಂದಿದ್ದು ನಂದೇ ತಪ್ಪು ಅಂತ ಇಟ್ಕೋ."

"ಏನು ಬರೆದಿದೆ, ಓದೇ," ಎಂದು ತಾಯಿ ಮಗಳಿಗೆ ಹೇಳಿದಳು.

ಮರಿ ಕಾಗದ ತೆಗೆದುಕೊಂಡಳು. "ನನ್ನ ಮಗಳ ಹೆಸರಿನಲ್ಲಿ ಕಟ್ಟಿರುವ ಹಣವು ಪೂರ್ತಿಯಾಗಿ ನನ್ನೊಬ್ಬಳ ದುಡಿಮೆಯದು. ಬೇರೆ ಯಾರಿಗೂ ಇದರಲ್ಲಿ ಪಾಲಿಲ್ಲ. ವಿದ್ಯಾರ್ಥಿವೇತನವೆಂದು ಬರೆಸಿದ ಹೆಂಗಸರಿಗೂ ನನ್ನ ಮಗಳಿಗೂ ಯಾವ ಸಂಬಂಧವೂ ಇರುವುದಿಲ್ಲ. ಅವರು ತಿಳುವಳಿಕೆ ಇಲ್ಲದೆ ಹಾಗೆ ಬರೆಸಿದ್ದಾರೆ."

"ಇನ್ನೊಂದ್ಸಲ ಓದು. ಸಂಬಂಧದ್ದು."

ಮರಿ ಓದಿದಳು. ಕಾಗದವನ್ನು ಮೇಜಿನ ಮೇಲೆ ಇಟ್ಟಳು.

ತಾಯಿ ಪೆನ್ನು ಹಿಡಿದೇ ಕೂತಿದ್ದಳು. ಗಾಳಿಗೆ ಕಾಗದದ ಅಂಚು ಏಳುತ್ತಿತ್ತು. ಅಧಿಕಾರಿ ಅದರ ಮೇಲೆ ಬೆರಳಿಟ್ಟು, ಸಹಿ ಹಾಕುವ ಜಾಗ ತೋರಿಸಿದ.

"ಇಲ್ಲಿ."

"ಸ್ವಾಮಿ, ಇವಳು ಹುಟ್ಟಿದಾಗ ನಂಗೆ ಹಾಲು ಬರ್ಲಿಲ್ಲ," ಎಂದಳು ತಾಯಿ.

"ಏನಂದ್ರಿ?"

"ಹಾಲು. ಬರ್ಲಿಲ್ಲ. ಜ್ವರದಲ್ಲೇ ಬಾನಿಗೆ ಬಂದು ಕೂತಿದ್ದೆ. ಪಕ್ಕದ ಬಾನಿಯವಳ ಮಗು ಸತ್ತಿತ್ತು. ಅವಳೇ ಕುಡಿಸಿದ್ಲು. ಅವಳನ್ನ ಎಲ್ಲರೂ ಪಟಾಕಿ ಅಂತ ಆಡ್ಕೋತಾರೆ. ಅವಳಿಗೂ ಇವಳಿಗೂ ಸಂಬಂಧ ಇಲ್ಲ ಅಂತ ನಾನು ಬರೀಲಾ?"

"ಅಮ್ಮ, ಇದು ಬರೀ ಕಾಗದ. ಯಾರೂ ಓದಲ್ಲ."

"ಯಾರೂ ಓದದಿದ್ರೆ ನಿಮಗ್ಯಾಕೆ ಬೇಕು?"

ಅವನ ಮುಖದಲ್ಲಿ ಮೊದಲ ಸಲ ಸಿಟ್ಟು ಕಾಣಿಸಿತು. "ನಿಮ್ಮ ಒಳ್ಳೇದಕ್ಕೇ ಹೇಳಿದ್ದು. ನಿಯಮ ನಾನು ಮಾಡಿದ್ದಲ್ಲ. ಸಹಿ ಹಾಕಿ ಇಲ್ಲ ಎದ್ದು ಹೋಗಿ. ಹೊರಗೆ ಬೇರೆಯವರು ಕಾಯ್ತಿದ್ದಾರೆ."

"ಈಗ ನಾನು ಸುಳ್ಳು ಬರೀತೀನಿ. ಮುಂದೆ ಪಟಾಕಿಯ ಎರಡನೇ ಮಗಳು ಬರ್ತಾಳೆ. ಅವಳೂ ಸುಳ್ಳು ಬರೀಬೇಕು. ಅವಳ ಹಿಂದೆ ಬರೋಳೂ ಬರೀಬೇಕು. ಚೀಲ ತುಂಬೋರು ನಾವು. ನಮ್ಮನ್ನ ಅಳಿಸಿ ಹಾಕಿದ್ರೆ ಮಾತ್ರ ನಮ್ಮ ದುಡ್ಡು ನಮ್ಮ ಮಕ್ಕಳಿಗೆ." ಅವಳು ಪೆನ್ನನ್ನು ಮೇಜಿನ ಮೇಲೆ ಇಟ್ಟಳು. ಬೆರಳು ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. "ಹಾಕಲ್ಲ."

"ತಂಗಿ!" ಎಂದಳು ಅಜ್ಜಿ. "ಕೈ ನೋಡ್ಕೋ."

"ನೋಡ್ಕೊಂಡೇ ಹೇಳ್ತಿದ್ದೀನಿ ಅಜ್ಜಿ."

"ಹಾಗಾದ್ರೆ ಟಿಕೆಟ್ ಇಲ್ಲ," ಎಂದು ಅಧಿಕಾರಿ ಕಾಗದವನ್ನು ಎಳೆದುಕೊಂಡ.

"ದುಡ್ಡು ವಾಪಸ್ ಕೊಡಿ. ನಾವೇ ಹಾಸ್ಟೆಲಿಗೆ ಕಟ್ತೀವಿ."

"ಒಳಗೆ ಬಂದಿದ್ದು ಹಾಗೆಲ್ಲ ಹೊರಗೆ ಹೋಗಲ್ಲ."

"ಸರಿ," ಎಂದು ತಾಯಿ ಎದ್ದಳು. ಹೊರಗೆ ಬಂದಳು. ಮೆಟ್ಟಿಲ ಕಡೆ ಹೋಗಲಿಲ್ಲ. ಆ ಕೋಣೆಯ ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತಳು. ಚೀಲದಜ್ಜಿ ಗೋಡೆ ಹಿಡಿದು, ಸೊಂಟ ಹಿಡಿದು, ಉಸ್ಸೆಂದು ಪಕ್ಕದಲ್ಲಿ ಕೂತಳು. ಮರಿಯೂ ಕೂರಲು ಬಗ್ಗಿದಾಗ ತಾಯಿ ಅವಳ ಮೊಣಕಾಲಿಗೆ ಹೊಡೆದಳು.

"ನೀನ್ಯಾಕೆ ಕೂತ್ಕೋತೀಯ? ಪರೀಕ್ಷೆ ಯಾರು ಬರೀತಾರೆ, ನಿನ್ನ ಅಜ್ಜಿನಾ?"

"ಟಿಕೆಟ್ ಇಲ್ಲಮ್ಮ. ಒಳಗೆ ಬಿಡಲ್ಲ."

"ಬಿಡದಿದ್ರೆ ನುಗ್ಗು. ಕೂರೋ ಕೆಲಸ ನಮಗೆ ಬಿಡು. ಹುಟ್ಟಿದಾಗಿಂದ ಕೂತೇ ಇದ್ದೀವಿ, ನಮಗೆ ಅಭ್ಯಾಸ ಇದೆ."

ಮರಿ ಇಬ್ಬರನ್ನೂ ನೋಡಿದಳು. ಚೀಲ ಹೆಗಲಿಗೇರಿಸಿ ಮೆಟ್ಟಿಲು ಇಳಿದಳು. ಮೊದಲು ನಡೆದಳು, ಆಮೇಲೆ ಓಡಿದಳು.

ಜನ ಬಂದರು. ಕೆಲಸಕ್ಕೆ ಬಂದವರು ಬಾಗಿಲ ತನಕ ಬಂದು ನಿಂತರು. ಮೂಗಿಗೆ ಕರವಸ್ತ್ರ ಹಿಡಿದು, "ಏನಿದು ನಾತ?" ಎಂದರು.

"ಹುಳದ್ದು," ಎಂದಳು ಅಜ್ಜಿ ಒಬ್ಬ ಹುಡುಗಿಗೆ. "ನಿನ್ನ ಕತ್ತಿಗೆ ಸುತ್ತಿರೋ ರೇಷ್ಮೆ ಬಟ್ಟೇಲೂ ಇತ್ತು ಮಗಳೇ. ನಾವು ತೊಳೆದು ಕಳಿಸಿದ್ವಿ."

ಆ ಹುಡುಗಿ ಕತ್ತಿನ ಬಟ್ಟೆ ಮುಟ್ಟಿಕೊಂಡಳು.

ಅಧಿಕಾರಿ ಒಳಗಿನಿಂದ ಹೊರಗೆ ಬರುವ ಹಾಗಿರಲಿಲ್ಲ. ಇಬ್ಬರು ಹೆಂಗಸರನ್ನು ದಾಟಬೇಕಿತ್ತು. ಎರಡು ಸಲ ಬಾಗಿಲ ತನಕ ಬಂದ, ಎರಡು ಸಲವೂ ಹಿಂದಕ್ಕೆ ಹೋದ. ಮೂರನೆಯ ಸಲ ಫೋನೆತ್ತಿ ಕಾವಲುಗಾರನನ್ನು ಕರೆದ. ಕೆಳಗೆ ಪರೀಕ್ಷೆಯ ಗಂಟೆ ಹೊಡೆಯಿತು. ತಾಯಿ ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿ ಕೂತಳು.

ಕಾವಲುಗಾರ ಎಳೆಯ ವಯಸ್ಸಿನವನು. ಮೆಟ್ಟಿಲು ಹತ್ತಿ ಬಂದವನಿಗೆ ಏದುಸಿರು.

"ಎಲ್ಲಿ ಹೋಗಿದ್ದೆ?" ಎಂದು ಅಧಿಕಾರಿ ಒಳಗಿನಿಂದಲೇ ಕೂಗಿದ.

"ಪರೀಕ್ಷೆ ಹಾಲಿಗೆ ಸಾರ್. ಅಲ್ಲೊಬ್ಬಳು ಹುಡುಗಿ ಟಿಕೆಟ್ ಇಲ್ದೆ ನುಗ್ಗಿ ಕೂತಿದ್ದಾಳೆ. ಎಬ್ಬಿಸಿದ್ರೆ ಏಳ್ತಿಲ್ಲ. ಪ್ರಶ್ನೆಪತ್ರಿಕೆ ಕೊಡಲ್ಲ ಅಂದ್ರು. ಪಕ್ಕದ ಹುಡುಗಿ ತನ್ನದನ್ನ ನಡುವಿಗೆ ಸರಿಸಿಬಿಟ್ಟಳು. ಇವಳು ಅದನ್ನ ನೋಡ್ಕೊಂಡು ಬಿಳಿ ಹಾಳೇಲಿ ಬರೀತಿದ್ದಾಳೆ. ಬೆಂಚು ಎಳೆದ್ರೂ ಬರೀತಾನೇ ಇದ್ದಾಳೆ."

ತಾಯಿ ಅವನ ಮುಖವನ್ನೇ ನೋಡಿದಳು. ಅಜ್ಜಿ ಅವಳ ತೊಡೆಯ ಮೇಲೆ ಕೈಯಿಟ್ಟು ಅದುಮಿದಳು.

"ಅದು ಆಮೇಲೆ. ಮೊದಲು ಇವರನ್ನ ಎತ್ತು," ಎಂದ ಅಧಿಕಾರಿ.

ಕಾವಲುಗಾರ ಬಗ್ಗಿ, "ಏಳಿ ಅಕ್ಕ, ನನ್ನ ಕೆಲಸ ಹೋಗುತ್ತೆ," ಎಂದ. ತಾಯಿ ಏಳಲಿಲ್ಲ. ಕೈ ಹಿಡಿದು ಜಗ್ಗಿದ. ಅಂಗೈಯ ಚರ್ಮ ಪದರವಾಗಿ ಸುಲಿದು ಅವನ ಬೆರಳಿಗೆ ಅಂಟಿಕೊಂಡಿತು. ಅಡಿಯಲ್ಲಿ ಕೆಂಪಗೆ ಹಸಿ ಮಾಂಸ ಕಂಡಿತು. ಅವನು ಬೆಂಕಿ ಮುಟ್ಟಿದವನಂತೆ ಕೈ ಬಿಟ್ಟು, ತನ್ನ ಬೆರಳನ್ನೇ ನೋಡುತ್ತ ನಿಂತ.

"ಅಲ್ಲಿ ಹಿಡೀಬೇಡ ತಮ್ಮ, ಕಿತ್ತು ಬರುತ್ತೆ," ಎಂದಳು ಅವಳು. ತೋಳನ್ನು ಅವನ ಮುಂದೆ ಚಾಚಿದಳು. "ಇಲ್ಲಿ ಹಿಡಿ. ಇಲ್ಲಿ ಗಟ್ಟಿ ಇದೆ. ಎಷ್ಟು ಬೇಕಾದ್ರೂ ಎಳಿ. ನಾನು ಏಳಲ್ಲ."